ಇಂದಿನ ಧಮ್ಮ ಚಿಂತನೆ: ರಾಣಿ ಶಾಂತಲೆ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು





ಮಾಗಡಿ ಕಡೆಯವರಿಗೆ ಶಿವಗಂಗೆ ಬೆಟ್ಟ ಹೊಸದಲ್ಲ. ಹತ್ತಿದವರಿಗೆಲ್ಲ ತುದಿಯಲ್ಲಿ ಒಂದು ಜಾಗ ತೋರಿಸಿ, "ರಾಣಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳು" ಎನ್ನುತ್ತಾರೆ. ಆದರೆ ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟೇ: 1131ರಲ್ಲಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡಳು. ಹಾರಿದ ಮಾತು ಅದರಲ್ಲಿಲ್ಲ. ಎಲ್ಲರೂ ಹೇಳುತ್ತಾರೆ ಎಂದು ನಂಬಬೇಡಿ, ನೀವೇ ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಆಕೆ ಸತ್ತ ಕಥೆ ಎಲ್ಲರಿಗೂ ಗೊತ್ತು. ಆಕೆ ಬದುಕಿದ ರೀತಿಯನ್ನು ಇವತ್ತು ನೋಡೋಣ.

ಶಾಂತಲೆ ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ. ಸಂಗೀತ, ನೃತ್ಯಗಳಲ್ಲಿ ಪರಿಣತೆ ಎಂದು ಶಾಸನಗಳು ಹೊಗಳುತ್ತವೆ. ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನಳು. ಗಂಡ ವೈಷ್ಣವ ಪಂಥದ ಕಡೆಗೆ ಹೋದ. 1117ರಲ್ಲಿ ಬೇಲೂರಿನ ದೊಡ್ಡ ದೇವಾಲಯ ಕಟ್ಟಿಸಿದ. ಅರಸ ಹೋದ ದಾರಿಯಲ್ಲಿ ಅರಮನೆಯೆಲ್ಲ ಹೋಗುವ ಕಾಲ ಅದು. ಆದರೂ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿ, ಅದರ ಖರ್ಚಿಗೆ ಒಂದು ಊರನ್ನೇ ಬಿಟ್ಟುಕೊಟ್ಟಳು. ಹಾಗೆಂದು ಗಂಡನ ನಂಬಿಕೆಯನ್ನು ಹೀಗಳೆಯಲಿಲ್ಲ. ಬೇಲೂರಿನಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ಆಕೆಯೇ ಮಾಡಿಸಿದ್ದು.

ಮಗಳು ಹೋದ ದುಃಖದಲ್ಲಿ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಅದು ಜೈನರ ಸಲ್ಲೇಖನ ವ್ರತ. ಆ ದಾರಿ ನಮ್ಮದಲ್ಲ. ದೇಹ ದಂಡಿಸುವುದನ್ನು ಬಿಟ್ಟು ಸುಜಾತೆಯ ಪಾಯಸ ಸ್ವೀಕರಿಸಿದವರು ನಮ್ಮ ಗುರು. ಆದರೆ ಒಪ್ಪದ ದಾರಿಯವರಲ್ಲೂ ಗಟ್ಟಿತನ ಕಂಡರೆ ಅದನ್ನು ಗೌರವಿಸುವುದು ಧಮ್ಮವೇ.

ನಮ್ಮ ಪರಂಪರೆಯಲ್ಲೂ ಇಂಥ ಹೆಣ್ಣುಮಗಳಿದ್ದಾಳೆ. ವಿಶಾಖೆ ಮದುವೆಯಾಗಿ ಶ್ರಾವಸ್ತಿಗೆ ಬಂದಾಗ ಮಾವ ಮಿಗಾರ ನಿಗಂಠರ, ಅಂದರೆ ಜೈನ ಮುನಿಗಳ, ಭಕ್ತ. ಸೊಸೆ ತನ್ನ ನಂಬಿಕೆ ಬಿಡಲಿಲ್ಲ. ಮನೆಯಲ್ಲಿ ಜಗಳವಾಯಿತು, ಅವಳ ಮೇಲೆ ವಿಚಾರಣೆಯೂ ನಡೆಯಿತು. ತಪ್ಪಿಲ್ಲವೆಂದು ತೀರ್ಮಾನವಾದ ಮೇಲೆ ಅವಳು ಕೇಳಿದ್ದು ಒಂದೇ: ಬುದ್ಧರನ್ನೂ ಸಂಘವನ್ನೂ ಮನೆಗೆ ಕರೆಯುವ ಸ್ವಾತಂತ್ರ್ಯ. ಕೊನೆಗೆ ಮಾವನೇ ಬುದ್ಧರ ಮಾತು ಕೇಳಿ, ಸೊಸೆಯನ್ನು ತಾಯಿ ಎಂದ. ಅಂದಿನಿಂದ ಅವಳು ಮಿಗಾರಮಾತೆ.

ಒಂದು ಮಾತನ್ನು ಮರೆಯಬಾರದು. ಶಾಂತಲೆ ರಾಣಿ, ವಿಶಾಖೆ ಸಿರಿವಂತರ ಮಗಳು. ಬಸದಿಗೆ ಬಿಟ್ಟ ಆ ಊರಿನ ಹೊಲಗಳಲ್ಲಿ ಕಳೆ ಕಿತ್ತ ಹೆಂಗಸರ ನಂಬಿಕೆ ಏನೆಂದು ಯಾರು ಕೇಳಿದರು? ಅವರಿಗೂ ಆ ಹಕ್ಕು ಕೊಟ್ಟದ್ದು 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ. ಅದರ 25ನೇ ವಿಧಿ ರಾಣಿಗೂ ಕೂಲಿಯವಳಿಗೂ ಒಂದೇ.

ಈಗ ನಮ್ಮ ಮನೆಗೆ ಬರೋಣ. ಯಜಮಾನ ದೀಕ್ಷೆ ತೆಗೆದುಕೊಂಡು ಬರುತ್ತಾನೆ. ಗೋಡೆಯ ಮೇಲಿನ ದೇವರ ಪಟ ಇಳಿಸುತ್ತಾನೆ, ಬುದ್ಧರ ಮತ್ತು ಬಾಬಾಸಾಹೇಬರ ಪಟ ಹಾಕುತ್ತಾನೆ. ಜನಗಣತಿಯವರು ಬಂದರೆ ಎಲ್ಲರ ಹೆಸರಿನ ಮುಂದೆ ಬೌದ್ಧ ಎಂದು ಬರೆಸುತ್ತಾನೆ. ಹೆಂಡತಿಯನ್ನು ಕೇಳಿದನೇ? ಅವಳು ಮಾರಮ್ಮನ ಹಬ್ಬಕ್ಕೆ ಕದ್ದುಮುಚ್ಚಿ ತಂಬಿಟ್ಟಿನ ಆರತಿ ಒಯ್ದರೆ ಬೈಯುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಇದು ತಿರುಗುಮುರುಗು: ತ್ರಿಸರಣ ಹೇಳುತ್ತಾ ಬೆಳೆದ ಮಗಳನ್ನು ಮದುವೆ ಮಾಡಿ ಕಳಿಸುವಾಗ ನಾವೇ "ಅಲ್ಲಿ ಅತ್ತೆ ಹೇಳಿದಂತೆ ಇರವ್ವ" ಎನ್ನುತ್ತೇವೆ. ಎರಡು ಕಡೆಯೂ ತಪ್ಪು ಒಂದೇ. ಹೆಣ್ಣಿನ ನಂಬಿಕೆ ಗಂಡಿನ ನಂಬಿಕೆಯ ನೆರಳು ಎಂದುಕೊಂಡಿದ್ದೇವೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು "ನಾನು" ಎನ್ನುತ್ತವೆ. "ನಾನೂ ನನ್ನ ಮನೆಯವರೂ" ಎನ್ನುವುದಿಲ್ಲ. ಒಬ್ಬರ ಪ್ರತಿಜ್ಞೆಯನ್ನು ಇನ್ನೊಬ್ಬರು ಮಾಡಲಾಗುವುದಿಲ್ಲ. ಪಟ ಇಳಿಸಿದರೆ ಗೋಡೆ ಬದಲಾದೀತು, ಮನಸ್ಸು ಬದಲಾಗುವುದು ತಿಳಿವಳಿಕೆಯಿಂದ ಮಾತ್ರ.

ಇಂದಿನ ಅಭ್ಯಾಸ: ಈ ರಾತ್ರಿ ಊಟವಾದ ಮೇಲೆ ಮನೆಯ ಹೆಣ್ಣುಮಕ್ಕಳ ಹತ್ತಿರ ಕೂತು, "ನಿನಗೆ ಧಮ್ಮದಲ್ಲಿ ಯಾವುದು ಸರಿ ಅನಿಸಿದೆ, ಯಾವುದು ಇನ್ನೂ ಅರ್ಥವಾಗಿಲ್ಲ?" ಎಂದು ಕೇಳಿ. ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಅಕ್ಕತಂಗಿಯರೇ, ನೀವೂ ಮನಸ್ಸಿನಲ್ಲಿರುವುದನ್ನು ಅಂಜದೆ ಹೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏