ಅಂಗಡಿಯ ಫ್ರಿಜ್ಜು, ತಿಂಗಳ ಬಿಲ್ಲು



ನಮ್ಮಲ್ಲಿ ಎಷ್ಟೋ ಜನ ಸಂಘದಿಂದ ಸಾಲ ತೆಗೆದು ಅಂಗಡಿ ಇಟ್ಟಿದ್ದೇವೆ. ಮೊದಲು ಬೆಂಕಿಪೊಟ್ಟಣ, ಸೋಪು, ಸಕ್ಕರೆ ಮಾರಿದೆವು. ಆಮೇಲೆ ಹಾಲು, ಮೊಸರು, ತಂಪು ಪಾನೀಯ, ಐಸ್‌ಕ್ರೀಂ ಇಟ್ಟೆವು. ಗಿರಾಕಿ ಹೆಚ್ಚಿದರು. ಅಂಗಡಿಗೆ ಫ್ರಿಜ್ಜು ಬಂತು. ಫ್ರಿಜ್ಜಿನ ಹಿಂದೆಯೇ ಕರೆಂಟು ಬಿಲ್ಲೂ ಏರಿತು.

ಬಲ್ಬು ಬೇಡವಾದಾಗ ಆರಿಸುತ್ತೇವೆ. ಫ್ಯಾನು ಬೇಡವಾದಾಗ ನಿಲ್ಲಿಸುತ್ತೇವೆ. ಫ್ರಿಜ್ಜು ಹಾಗಲ್ಲ. ನಾವು ಮಲಗಿದರೂ ಅದು ಮಲಗುವುದಿಲ್ಲ. ಸಣ್ಣ ಅಂಗಡಿಯಲ್ಲಿ ಹೆಚ್ಚು ಕರೆಂಟು ತಿನ್ನುವುದು ಸಾಮಾನ್ಯವಾಗಿ ಅದೇ. "ದುಡಿದದ್ದೆಲ್ಲ ಬಿಲ್ಲಿಗೇ ಹೋಯ್ತು" ಎಂದು ಸಂಘದ ಸಭೆಯಲ್ಲಿ ಹೇಳುವವರಿದ್ದಾರೆ. ಹಾಗಾದರೆ ಫ್ರಿಜ್ಜು ಮಾರಿಬಿಡಬೇಕೆ? ಬೇಡ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ತಿಳಿಯೋಣ.

ಫ್ರಿಜ್ಜಿನ ಒಳಗೆ ಏನು ನಡೆಯುತ್ತೆ?

ಒದ್ದೆ ಸೀರೆ ಉಟ್ಟು ಗಾಳಿಗೆ ನಿಂತರೆ ಚಳಿಯಾಗುತ್ತದೆ. ಯಾಕೆ? ಸೀರೆಯ ನೀರು ಆವಿಯಾಗುವಾಗ ನಮ್ಮ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಇದರಿಂದಲೇ.

ಫ್ರಿಜ್ಜಿನಲ್ಲೂ ನಡೆಯುವುದು ಇದೇ. ಅದರ ಕೊಳವೆಯಲ್ಲಿ ಒಂದು ಬಗೆಯ ಗ್ಯಾಸು ಇದೆ. ಒಳಗೆ ಅದು ಆವಿಯಾಗುತ್ತದೆ. ಆಗ ಹಾಲಿನ ಬಿಸಿ, ಬಾಟಲಿಯ ಬಿಸಿ, ಒಳಗಿನ ಗಾಳಿಯ ಬಿಸಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಕೆಳಗೆ ಗುರ್ ಎನ್ನುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗೆ ಕಳಿಸುತ್ತದೆ. ಅಲ್ಲಿ ಬಿಸಿಯನ್ನು ಗಾಳಿಗೆ ಬಿಟ್ಟು ಗ್ಯಾಸು ಮತ್ತೆ ದ್ರವವಾಗುತ್ತದೆ, ತಿರುಗಿ ಒಳಗೆ ಬರುತ್ತದೆ. ಫ್ರಿಜ್ಜಿನ ಹಿಂದೆಯೋ ಪಕ್ಕದಲ್ಲೋ ಕೈ ಇಟ್ಟು ನೋಡಿ. ಬೆಚ್ಚಗಿರುತ್ತೆ. ಅದು ಹಾಲಿನಿಂದ ಹೊರಬಂದ ಬಿಸಿ.

ಅಂದರೆ ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಬಿಸಿಯನ್ನು ಹೊರಗೆ ಹಾಕುತ್ತದೆ. ಮಳೆಗಾಲದಲ್ಲಿ ಸೋರುವ ಮನೆಯಿಂದ ನೀರು ತೋಡಿ ಹೊರಗೆ ಚೆಲ್ಲಿದ ಹಾಗೆ. ಸೂರಿನ ತೂತು ದೊಡ್ಡದಾದಷ್ಟೂ ತೋಡುವ ಕೆಲಸ ಹೆಚ್ಚು. ಫ್ರಿಜ್ಜಿಗೂ ಹಾಗೆಯೇ, ಒಳಗೆ ನುಗ್ಗುವ ಬಿಸಿ ಹೆಚ್ಚಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಅಷ್ಟೂ ಹೊತ್ತು ಮೀಟರು ತಿರುಗುತ್ತದೆ.

ಬಿಸಿ ಎಲ್ಲಿಂದ ನುಗ್ಗುತ್ತೆ?

ಮೊದಲು ಫ್ರಿಜ್ಜು ಇಟ್ಟ ಜಾಗ ನೋಡೋಣ. ಬೋಂಡಾ ಒಲೆಯ ಪಕ್ಕ ಫ್ರಿಜ್ಜು ಇಟ್ಟ ಅಂಗಡಿಗಳಿವೆ. ಒಂದು ಕಡೆ ಬೆಂಕಿ, ಒಂದು ಕಡೆ ಐಸು! ಪಡುವಣ ಬಿಸಿಲು ನೇರವಾಗಿ ಬೀಳುವ ಬಾಗಿಲಲ್ಲಿ ಇಟ್ಟವರೂ ಇದ್ದಾರೆ. ಗಿರಾಕಿಗಳಿಗೆ ಕಾಣಲಿ ಅಂತ ಆಸೆ. ಬಿಸಿಲು ಬೀಳದ, ಒಲೆಯಿಂದ ದೂರದ ಗೋಡೆ ಹುಡುಕಿ. ಗೋಡೆಗೆ ಒತ್ತಿ ಇಡಬೇಡಿ. ಹಿಂದೆ ಅರ್ಧ ಗೇಣಾದರೂ ಜಾಗ ಇರಲಿ, ಇಲ್ಲದಿದ್ದರೆ ಹೊರಹಾಕಿದ ಬಿಸಿ ಅಲ್ಲೇ ನಿಂತುಬಿಡುತ್ತದೆ. ನಮಗೆ ಜಾಗದ ಬರ. ಹಾಗಾಗಿ ಆ ಸಂದಿಯಲ್ಲೇ ಖಾಲಿ ರಟ್ಟಿನ ಪೆಟ್ಟಿಗೆ, ಗೋಣಿಚೀಲ ತುರುಕುತ್ತೇವೆ. ಇವತ್ತೇ ತೆಗೆದುಬಿಡಿ.

ಬಿಸಿ ಬಿಡುವ ಕೊಳವೆಯ ಮೇಲೆ ಧೂಳು ಕೂರುತ್ತದೆ. ಕಿರಾಣಿ ಅಂಗಡಿಯಲ್ಲಿ ಹಿಟ್ಟಿನ ಧೂಳು ಬೇರೆ. ಧೂಳು ಅಂದರೆ ಕೊಳವೆಗೆ ಕಂಬಳಿ ಹೊದಿಸಿದ ಹಾಗೆ. ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜಿನಲ್ಲಿ ಈ ಕೊಳವೆ ಹೆಚ್ಚಾಗಿ ಕೆಳಗೆ ಜಾಲರಿಯ ಒಳಗೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು, ಒಣ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ. ನೀರು ಸುರಿಯಬೇಡಿ.

ಬಾಗಿಲ ಸುತ್ತ ರಬ್ಬರು ಇದೆಯಲ್ಲ, ಅದನ್ನು ಹೀಗೆ ಪರೀಕ್ಷಿಸಿ. ಒಂದು ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಬಾಗಿಲಲ್ಲಿ ಸಿಕ್ಕಿಸಿ. ಬಾಗಿಲು ಮುಚ್ಚಿ ನೋಟು ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಜಾರಿ ಬಂದರೆ ಅಲ್ಲಿ ಸಂದಿ ಇದೆ. ಹಗಲು ರಾತ್ರಿ ಅಲ್ಲಿಂದ ಬಿಸಿ ಗಾಳಿ ಒಳಗೆ ಹೋಗುತ್ತಿದೆ. ಸುತ್ತಲೂ ನಾಲ್ಕೈದು ಕಡೆ ಹೀಗೇ ನೋಡಿ. ರಬ್ಬರು ಬರೀ ಕೊಳೆಯಾಗಿದ್ದರೆ ಸೋಪಿನ ನೀರಲ್ಲಿ ಒರೆಸಿದರೆ ಸಾಕು. ಹರಿದಿದ್ದರೆ ರಬ್ಬರನ್ನಷ್ಟೇ ಬದಲಾಯಿಸಬಹುದು. ಹೊಸ ಫ್ರಿಜ್ಜು ಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ.

ಇನ್ನು ಐಸು. ಐಸು ಹೆಚ್ಚು ಕಟ್ಟಿದರೆ ಫ್ರಿಜ್ಜು ಚೆನ್ನಾಗಿ ಓಡುತ್ತಿದೆ ಅಂತ ನಾವು ತಿಳಿಯುತ್ತೇವೆ. ಅದು ತಪ್ಪು. ಬಾಗಿಲು ತೆಗೆದಾಗ ಒಳಗೆ ಹೋದ ಗಾಳಿಯ ತೇವವೇ ಐಸಾಗಿ ಕೂರುತ್ತದೆ. ಮಂಗಳೂರು, ಉಡುಪಿ ಕಡೆ ಗಾಳಿಯಲ್ಲಿ ತೇವ ಜಾಸ್ತಿ, ಅಲ್ಲಿ ಐಸೂ ಬೇಗ ಕಟ್ಟುತ್ತದೆ. ದಪ್ಪ ಐಸು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಹಾಲಿನ ಬಿಸಿ ಕೊಳವೆಗೆ ಸುಲಭವಾಗಿ ತಲುಪುವುದಿಲ್ಲ. ಕಾಲು ಅಂಗುಲ ದಪ್ಪವಾಗುವುದರೊಳಗೆ ಕರಗಿಸಿಬಿಡಿ. ಮಾಲು ಕಡಿಮೆ ಇರುವ ದಿನ ನೋಡಿ, ಇದ್ದದ್ದನ್ನು ಪಕ್ಕದ ಫ್ರಿಜ್ಜಿನಲ್ಲಿ ಇಟ್ಟು, ಪ್ಲಗ್ಗು ಕಿತ್ತು ಬಾಗಿಲು ತೆರೆದಿಡಿ. ತಾನೇ ಕರಗುತ್ತದೆ. ಚಾಕು, ಮೊಳೆ, ಚಮಚದಿಂದ ಕೆರೆಯಲೇಬೇಡಿ. ಕೊಳವೆ ತೂತಾದರೆ ಗ್ಯಾಸು ಹೋಗುತ್ತದೆ, ಫ್ರಿಜ್ಜು ಕೆಡುತ್ತದೆ. ಈಗಿನ ಹಲವು ಫ್ರಿಜ್ಜುಗಳ ಗ್ಯಾಸು ಬೆಂಕಿ ಹತ್ತುವ ಜಾತಿಯದು. ತೂತಾಯಿತು ಅನ್ನಿಸಿದರೆ ಒಲೆ ಆರಿಸಿ, ಬಾಗಿಲು ಕಿಟಕಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹೊರಗೆ ಬನ್ನಿ.

ಬಾಗಿಲಿನ ಮಾತೂ ಇದೆ. ತಂಪು ಗಾಳಿ ಭಾರ. ನಿಂತಿರುವ ಫ್ರಿಜ್ಜಿನ ಬಾಗಿಲು ತೆಗೆದರೆ ಅದು ನಮ್ಮ ಕಾಲಿನ ಮೇಲೆ ಸುರಿದುಹೋಗುತ್ತದೆ. ಐಸ್‌ಕ್ರೀಂ ಪೆಟ್ಟಿಗೆಗೆ ಮುಚ್ಚಳ ಮೇಲೆ ಇರುತ್ತೆ. ಮುಚ್ಚಳ ತೆಗೆದರೂ ತಂಪು ತೊಟ್ಟಿಯ ನೀರಿನಂತೆ ಒಳಗೇ ನಿಂತಿರುತ್ತದೆ. ಹೆಚ್ಚು ಮಾರುವ ಹಾಲನ್ನು ಕೈಗೆ ಬೇಗ ಸಿಗುವ ಕಡೆ ಇಡಿ. ಗಾಜಿನ ಬಾಗಿಲಾದರೆ ಗಿರಾಕಿ ಹೊರಗಿನಿಂದಲೇ ನೋಡಿ ಹೇಳಲಿ. ಫ್ರಿಜ್ಜಿನೊಳಗೆ ಬೆರಳೂ ತೂರದಷ್ಟು ತುಂಬಬೇಡಿ, ಗಾಳಿ ಆಡಬೇಕು. ಕಾಯಿಸಿದ ಹಾಲನ್ನು ಬಿಸಿಬಿಸಿಯಾಗಿ ಒಳಗಿಡಬೇಡಿ. ಅಗಲ ಪಾತ್ರೆಗೆ ಸುರಿದು ತಣ್ಣೀರಲ್ಲಿ ಇಟ್ಟು ಬೇಗ ಆರಿಸಿ, ಆಮೇಲೆ ಇಡಿ.

ಎಲ್ಲದಕ್ಕೂ ಫ್ರಿಜ್ಜು ಬೇಕಿಲ್ಲ. ಟೊಮೆಟೊ, ಬಾಳೆಹಣ್ಣು, ಈರುಳ್ಳಿ ಹೊರಗೇ ಇರಲಿ. ಸೊಪ್ಪಿಗೆ ಒದ್ದೆ ಗೋಣಿ ಸಾಕು. ರಾಯಚೂರು, ಕಲಬುರಗಿಯ ಒಣ ಗಾಳಿಗೆ ಒದ್ದೆ ಗೋಣಿ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ಅಷ್ಟಿಲ್ಲ.

ರಾತ್ರಿ ಆರಿಸಬಹುದೇ?

ಬಿಲ್ಲಿಗೆ ಹೆದರಿ ರಾತ್ರಿ ಫ್ರಿಜ್ಜು ಆರಿಸಿ ಮಲಗುವವರಿದ್ದಾರೆ. ಬೆಳಿಗ್ಗೆ ಮುಟ್ಟಿದರೆ ಹಾಲಿನ ಪ್ಯಾಕೆಟ್ಟು ಇನ್ನೂ ತಣ್ಣಗೇ ಅನ್ನಿಸಬಹುದು. ಕೈ ನಂಬಬೇಡಿ. ಹಾಲು, ಮೊಸರು, ಪನೀರು 5 ಡಿಗ್ರಿಗಿಂತ ಕೆಳಗೆ ಇರಬೇಕು. ಅದಕ್ಕಿಂತ ಬಿಸಿಯಾದರೆ ಕಣ್ಣಿಗೆ ಕಾಣದ ರೋಗಾಣುಗಳು ಬೇಗ ಬೇಗ ಹೆಚ್ಚುತ್ತವೆ. ಆ ಹಾಲನ್ನು ಕುಡಿಯುವುದು ನಮ್ಮ ಬೀದಿಯ ಮಕ್ಕಳೇ. ಕರಗಿದ ಐಸ್‌ಕ್ರೀಂ ಮತ್ತೆ ಗಟ್ಟಿಯಾದರೆ ನೋಡಲು ಹೊಸದರಂತೆಯೇ ಇರುತ್ತೆ. ಆದರೆ ಅದನ್ನು ಮಾರುವುದು ಸರಿಯಲ್ಲ.

ನಷ್ಟದ ಲೆಕ್ಕವನ್ನೂ ನೋಡಿ. ಲೀಟರ್ ಹಾಲಿಗೆ 40 ರೂಪಾಯಿ, ನಮಗೆ ಕಮಿಷನ್ನು 2 ರೂಪಾಯಿ ಎಂದು ಹಿಡಿಯೋಣ. ಒಂದು ಲೀಟರ್ ಒಡೆದರೆ ನಾವು ಹಾಕಿದ ಬಂಡವಾಳ 38 ರೂಪಾಯಿ ಹೋಯಿತು. ಅದನ್ನು ತುಂಬಿಕೊಳ್ಳಲು ಇನ್ನೂ 19 ಲೀಟರ್ ಮಾರಬೇಕು. ರಾತ್ರಿ ಕರೆಂಟು ಉಳಿಸಿ ಬೆಳಿಗ್ಗೆ ಕಳೆದುಕೊಂಡ ಹಾಗಾಯಿತು.

ಆರಿಸಬಹುದಾದ ಫ್ರಿಜ್ಜು ಒಂದಿದೆ. ಬರೀ ಮುಚ್ಚಿದ ಸೋಡ, ತಂಪು ಪಾನೀಯ, ನೀರಿನ ಬಾಟಲಿ ಇರುವ ಫ್ರಿಜ್ಜು. ಅವು ರಾತ್ರಿ ಬಿಸಿಯಾದರೂ ಕೆಡುವುದಿಲ್ಲ. ಅಂಗಡಿ ಮುಚ್ಚುವಾಗ ಆರಿಸಿ, ಬೆಳಿಗ್ಗೆ ಬೇಗ ಹಾಕಿ. ಅದರೊಳಗಿನ ದೀಪವನ್ನೂ ಮರೆಯಬೇಡಿ. ದೀಪ ಕರೆಂಟು ತಿನ್ನುತ್ತದೆ, ಮೇಲೆ ಒಳಗೇ ಬಿಸಿ ಬಿಡುತ್ತದೆ, ಆ ಬಿಸಿಯನ್ನು ತೆಗೆಯಲು ಮತ್ತೆ ಕರೆಂಟು!

ಇಂಥ ಗಾಜಿನ ಫ್ರಿಜ್ಜನ್ನು ಕೆಲವು ಕಡೆ ಪಾನೀಯದ ಕಂಪನಿಯವರೇ ಕೊಡುತ್ತಾರೆ. ಫ್ರಿಜ್ಜು ಪುಕ್ಕಟೆ ಬಂದಿತೆಂದು ಹಿಗ್ಗುತ್ತೇವೆ. ಕರೆಂಟು ಪುಕ್ಕಟೆಯಲ್ಲ, ಅದು ನಮ್ಮ ತಲೆಗೆ. ತಿಂಗಳಿಗೆ ಎಷ್ಟು ಬಾಟಲಿ ಮಾರುತ್ತೀರಿ, ಎಷ್ಟು ಯೂನಿಟ್ಟು ಹೋಗುತ್ತೆ, ಎರಡನ್ನೂ ಬರೆದು ನೋಡಿ, ಆಮೇಲೆ ಹೂಂ ಅನ್ನಿ.

ಕರೆಂಟು ತಾನಾಗಿ ಹೋದಾಗ ಏನು ಮಾಡಬೇಕು? ಬಾಗಿಲು ತೆಗೆಯಬಾರದು. ಮುಚ್ಚಿಟ್ಟರೆ ಸಾಧಾರಣ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿರುತ್ತದೆ. ಗಾಜಿನ ಬಾಗಿಲಿನದು ಅಷ್ಟು ತಡೆಯದು. ಐಸ್‌ಕ್ರೀಂ ಪೆಟ್ಟಿಗೆಯಲ್ಲಿ ಜಾಗ ಖಾಲಿ ಇದ್ದರೆ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ ಇಟ್ಟುಬಿಡಿ. ಅದು ಐಸಾಗಿ, ಕರೆಂಟು ಇಲ್ಲದಾಗ ತಂಪು ಕಾಯುತ್ತದೆ.

ಮೀಟರು ಓದೋಣ

ನಾವು ಅಕ್ಷರ ಕಲಿತಿದ್ದೇವೆ, ಅಂಕಿ ಕಲಿತಿದ್ದೇವೆ. ಈಗ ಮೀಟರೂ ಓದಬಹುದು. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಪೂರ್ತಿ ಕಾದರೆ ಒಂದು ಯೂನಿಟ್ಟು. 10 ವ್ಯಾಟಿನ ಬಲ್ಬು 100 ಗಂಟೆ ಉರಿದರೆ ಒಂದು ಯೂನಿಟ್ಟು.

ಮದುವೆಗೋ ಜಾತ್ರೆಗೋ ಹೋಗಲು ಅಂಗಡಿ ಮುಚ್ಚುವ ದಿನ ಫ್ರಿಜ್ಜು ಒಂದನ್ನೇ ಬಿಟ್ಟು ಉಳಿದದ್ದೆಲ್ಲ ಆರಿಸಿ. ಮೀಟರಿನ ಅಂಕಿ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಮೊದಲು 4512, ಆಮೇಲೆ 4517 ಎಂದು ಇಟ್ಟುಕೊಳ್ಳೋಣ. ಕಳೆದರೆ 5. ದಿನಕ್ಕೆ 5 ಯೂನಿಟ್ಟು, ತಿಂಗಳಿಗೆ 150. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 1200 ರೂಪಾಯಿ. ಧೂಳು ತೆಗೆದು, ಐಸು ಕರಗಿಸಿ, ಜಾಗ ಬದಲಿಸಿದ ಮೇಲೆ ಅದು 4 ಯೂನಿಟ್ಟಿಗೆ ಇಳಿದರೆ? 960 ರೂಪಾಯಿ. ತಿಂಗಳಿಗೆ 240 ಉಳಿಯಿತು. ಸಂಘದ ಉಳಿತಾಯಕ್ಕೆ ಕಟ್ಟಬಹುದು. ಇದು ಲೆಕ್ಕ ಕಲಿಯಲು ಹೇಳಿದ ಅಂಕಿ. ನಿಮ್ಮ ಅಂಗಡಿಯ ಅಂಕಿ ಬೇರೆ ಇರುತ್ತೆ. ಯೂನಿಟ್ಟಿನ ದರ ನಿಮ್ಮ ಬಿಲ್ಲಿನಲ್ಲೇ ಅಚ್ಚಾಗಿದೆ. ನಿಗದಿತ ಶುಲ್ಕ ಎಂಬುದೂ ಅಲ್ಲಿದೆ. ಕಡಿಮೆ ಬಳಸಿದರೂ ಅದು ಕಡಿಮೆಯಾಗುವುದಿಲ್ಲ.

"ಸರ್ಕಾರ 200 ಯೂನಿಟ್ಟು ಬಿಟ್ಟಿ ಕೊಟ್ಟಿದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. 2023ರಲ್ಲಿ ಕರ್ನಾಟಕದಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ಮನೆಗಳಿಗೆ ಮಾಡಿದ್ದು, ಅಂಗಡಿ ಮೀಟರಿಗೆ ಅಲ್ಲ. ಮನೆ ಮೀಟರಿನಿಂದ ಅಂಗಡಿಗೆ ವೈರು ಎಳೆಯುವ ಯೋಚನೆ ಬೇಡ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಹೀಗೆ ಬಳಸಿದ್ದಕ್ಕೆ ಎರಡು ಪಟ್ಟು ದರ ಹಾಕಬಹುದು.

ಹೊಸದು ಕೊಳ್ಳುವಾಗ

ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಇರುತ್ತದೆ. ಒಂದರಿಂದ ಐದು ನಕ್ಷತ್ರ. ನಕ್ಷತ್ರ ಹೆಚ್ಚಾದಷ್ಟೂ ಕರೆಂಟು ಕಡಿಮೆ. ಕೇಂದ್ರ ಸರ್ಕಾರ 2006ರಲ್ಲಿ ಈ ಚೀಟಿ ತಂದಿತು. ಐಸ್‌ಕ್ರೀಂ ಇಡುವ ಡೀಪ್ ಫ್ರೀಜರಿಗೆ 2020ರಲ್ಲಿ ಬಂತು. ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. ಅದೇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ಟು ಎಂದು ಬರೆದಿರುತ್ತೆ, ಅದನ್ನು ಓದಿ. ಅಂಗಡಿಯಲ್ಲಿ ಬಾಗಿಲು ನೂರು ಸಲ ತೆಗೆಯುತ್ತೇವೆ, ಹಾಗಾಗಿ ಚೀಟಿಗಿಂತ ಹೆಚ್ಚೇ ಆಗುತ್ತದೆ. ಆದರೂ ಎರಡು ಫ್ರಿಜ್ಜು ಹೋಲಿಸಿ ನೋಡಲು ಆ ಅಂಕಿ ಸಾಕು. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಬೇಕಾದ್ದಕ್ಕಿಂತ ದೊಡ್ಡದನ್ನು ತರಬೇಡಿ. ಕೊಳ್ಳುವಾಗ ಒಮ್ಮೆ ಅಗ್ಗ, ಆಮೇಲೆ ಪ್ರತಿ ತಿಂಗಳೂ ದುಬಾರಿ.

ಓದಿ, ಲೆಕ್ಕ ಮಾಡಿ, ಬರೆಯಿರಿ

ಒಂದು ಫ್ರಿಜ್ಜಿನ ಚೀಟಿಯಲ್ಲಿ ವರ್ಷಕ್ಕೆ 365 ಯೂನಿಟ್ಟು ಎಂದಿದೆ. ಇನ್ನೊಂದರಲ್ಲಿ 730 ಎಂದಿದೆ. ದಿನಕ್ಕೆ ಎಷ್ಟೆಷ್ಟು? ಯೂನಿಟ್ಟಿಗೆ 8 ರೂಪಾಯಿಯಾದರೆ 30 ದಿನಕ್ಕೆ ಎಷ್ಟು ರೂಪಾಯಿ ವ್ಯತ್ಯಾಸ?

ನೋಟಿನ ಪರೀಕ್ಷೆ ಮಾಡಿದ ದಿನ: ............ ನೋಟು ಜಾರಿದ್ದು ಎಷ್ಟು ಕಡೆ: ............

ನಮ್ಮ ಅಂಗಡಿಯ ಮೀಟರು, ಮೊದಲ ದಿನ: ............ ಮರುದಿನ: ............ ಕಳೆದರೆ: ............ ಯೂನಿಟ್ಟು.