ಸ್ವಯಂನಿರೋಧಕ ರಕ್ತರೋಗಗಳು: ವಂಶವಾಹಿಯ ಪಾಲೆಷ್ಟು, ಪರಿಸರದ ಪಾಲೆಷ್ಟು?

ಮುರಗೋಡದ ಸುತ್ತಲಿನ ಒಂದು ಒಕ್ಕಲು ಮನೆತನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರೆ ಹೊಲದಲ್ಲಿ ಹತ್ತಿ ಇದೆ. ಮನೆಯ ಹಿರಿಯ ಮಗ ಎರಡು ದಿನ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆದಿದ್ದಾನೆ. ಹದಿನೈದು ದಿನಗಳ ನಂತರ ಅವನ ಮೊಣಕಾಲಿನ ಕೆಳಗೆ ರಾಗಿ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ಊರಿನಲ್ಲಿ ತಲೆಗೊಂದು ಮಾತು. "ಎಣ್ಣೆಯ ವಿಷ ಮೈಗೆ ಹತ್ತಿದೆ" ಎಂದು ಒಬ್ಬರು. "ಡೆಂಗ್ಯೂ ಇರಬೇಕು" ಎಂದು ಇನ್ನೊಬ್ಬರು. "ರಕ್ತದ ರೋಗ, ಮನೆತನದಲ್ಲೇ ಇದೆ" ಎಂದು ಮತ್ತೊಬ್ಬರು. ಈ ಮೂರನೆಯ ಮಾತು ಎದ್ದ ಮೇಲೆ ತಂಗಿಯ ಲಗ್ನದ ಮಾತುಕತೆಯೂ ನಿಂತುಹೋಗುತ್ತದೆ.

ಇವುಗಳಲ್ಲಿ ಯಾವ ಮಾತು ನಿಜ? ಇದಕ್ಕೆ ಉತ್ತರ ಸಿಗಬೇಕಾದರೆ ರೋಗನಿರೋಧಕ ಶಕ್ತಿಯೇ ತನ್ನ ರಕ್ತದ ಮೇಲೆ ತಿರುಗಿ ಬೀಳುವ ರೋಗಗಳ ಬಗ್ಗೆ ಸ್ವಲ್ಪ ತಿಳಿದಿರಬೇಕು. ಇವುಗಳಿಗೆ ಸ್ವಯಂನಿರೋಧಕ ರಕ್ತರೋಗಗಳೆಂದು ಹೆಸರು.

ರಕ್ತದಲ್ಲಿ ಏನಿದೆ?

ರಕ್ತದಲ್ಲಿ ಮೂರು ಬಗೆಯ ಕಣಗಳಿವೆ. ಕೆಂಪು ಕಣಗಳು ಪ್ರಾಣವಾಯುವನ್ನು ಹೊರುತ್ತವೆ; ಇವುಗಳ ಆಯುಷ್ಯ ಸುಮಾರು 120 ದಿನ. ಬಿಳಿ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಗಾಯವಾದಾಗ ರಕ್ತ ಸೋರದಂತೆ ತಡೆಯುತ್ತವೆ. ಇವು ಬದುಕುವುದು ಏಳರಿಂದ ಹತ್ತು ದಿನ ಮಾತ್ರ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಕಿರುತಟ್ಟೆಗಳಿರುತ್ತವೆ. ಈ ಎಲ್ಲ ಕಣಗಳೂ ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಮಜ್ಜೆಯೆಂದರೆ ಸಸಿ ಮಡಿ, ರಕ್ತವೆಂದರೆ ಹೊಲ ಎಂದು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಹೊಲದಲ್ಲಿ ಸಸಿ ಕಡಿಮೆಯಾಗಿದ್ದರೆ ಕಾರಣ ಎರಡಿರಬಹುದು. ಒಂದೋ ನೆಟ್ಟ ಸಸಿಯನ್ನು ಯಾವುದೋ ತಿಂದುಹಾಕಿದೆ, ಇಲ್ಲವೆ ಮಡಿಯಲ್ಲಿಯೇ ಸಸಿ ಎದ್ದಿಲ್ಲ. ಸ್ವಯಂನಿರೋಧಕ ರಕ್ತರೋಗಗಳಲ್ಲಿಯೂ ಹೀಗೆಯೇ.

1. ಐ.ಟಿ.ಪಿ.: ದೇಹ ತಯಾರಿಸಿದ ಪ್ರತಿಕಾಯಗಳು ಕಿರುತಟ್ಟೆಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಗುರುತಾದ ಕಿರುತಟ್ಟೆಗಳನ್ನು ಗುಲ್ಮವು ಹಿಡಿದು ನಾಶಮಾಡುತ್ತದೆ. ಚರ್ಮದಲ್ಲಿ ಕೆಂಪು ಚುಕ್ಕೆ, ನೀಲಿ ಕಲೆ, ವಸಡು ಮತ್ತು ಮೂಗಿನಲ್ಲಿ ರಕ್ತ ಇದರ ಲಕ್ಷಣಗಳು.

2. ಸ್ವಯಂನಿರೋಧಕ ರಕ್ತಹೀನತೆ: ಇಲ್ಲಿ ಕೆಂಪು ಕಣಗಳೇ ನಾಶವಾಗುತ್ತವೆ. ಮೈ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಕಪ್ಪಾಗುತ್ತದೆ. ಜನ ಇದನ್ನು ಕಾಮಾಲೆಯೆಂದು ತಿಳಿದು ನಾಟಿ ಔಷಧಿಯಲ್ಲಿ ದಿನ ಕಳೆಯುವುದುಂಟು.

3. ಅಪ್ಲಾಸ್ಟಿಕ್ ಅನೀಮಿಯಾ: ಬಿಳಿ ಕಣಗಳ ಒಂದು ಬಗೆ ಮಜ್ಜೆಯ ಮೂಲಕೋಶಗಳನ್ನೇ ನಾಶಮಾಡುತ್ತದೆ. ಮಡಿಯೇ ಬರಿದಾಗುವುದರಿಂದ ಮೂರೂ ಬಗೆಯ ಕಣಗಳು ಕಡಿಮೆಯಾಗುತ್ತವೆ. ಮೂರರಲ್ಲಿ ಇದೇ ಹೆಚ್ಚು ಅಪಾಯದ್ದು.

ಇವು ಅಪರೂಪದ ರೋಗಗಳು. ಐ.ಟಿ.ಪಿ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಎರಡರಿಂದ ನಾಲ್ವರಿಗೆ ಬರುತ್ತದೆ. ಅಪ್ಲಾಸ್ಟಿಕ್ ಅನೀಮಿಯಾ ಹತ್ತು ಲಕ್ಷಕ್ಕೆ ಕೆಲವರಿಗೆ ಮಾತ್ರ. ಆದರೆ ಏಷ್ಯಾ ಖಂಡದಲ್ಲಿ ಇದರ ಪ್ರಮಾಣ ಯುರೋಪಿಗಿಂತ ಎರಡು ಮೂರು ಪಟ್ಟು ಹೆಚ್ಚು. ನಮ್ಮ ಹೆಣ್ಣುಮಕ್ಕಳ ಮೈ ಬಿಳಿಚುವುದಕ್ಕೆ ಬಹುಪಾಲು ಕಾರಣ ಕಬ್ಬಿಣಾಂಶದ ಕೊರತೆಯೇ ಹೊರತು ಈ ರೋಗಗಳಲ್ಲ ಎಂಬುದನ್ನೂ ಮರೆಯಬಾರದು.

ಇದು ಗೊತ್ತಾದದ್ದು ಹೇಗೆ?

1904ರಲ್ಲಿ ವಿಯೆನ್ನಾದ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಗಳು ಚಳಿಗೆ ಮೈಯೊಡ್ಡಿದರೆ ಕೆಂಪು ಮೂತ್ರ ಹೋಗುವ ರೋಗಿಗಳನ್ನು ಪರೀಕ್ಷಿಸಿದರು. ಅವರ ರಕ್ತದಲ್ಲಿ ಅವರದೇ ಕೆಂಪು ಕಣಗಳನ್ನು ಒಡೆಯುವ ವಸ್ತುವಿರುವುದು ಕಂಡುಬಂತು. 1945ರಲ್ಲಿ ಇಂಗ್ಲೆಂಡಿನ ಕೂಂಬ್ಸ್ ಮತ್ತು ಸಂಗಡಿಗರು ಕೆಂಪು ಕಣಕ್ಕೆ ಅಂಟಿದ ಪ್ರತಿಕಾಯವನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನು ರೂಪಿಸಿದರು. ಇಂದಿಗೂ ದೊಡ್ಡ ಆಸ್ಪತ್ರೆಗಳಲ್ಲಿ ಕೂಂಬ್ಸ್ ಪರೀಕ್ಷೆಯೆಂದು ಮಾಡುವುದು ಇದನ್ನೇ. 1950ರಲ್ಲಿ ಅಮೆರಿಕದ ಹ್ಯಾರಿಂಗ್ಟನ್ ಎಂಬ ಯುವ ವೈದ್ಯರು ಐ.ಟಿ.ಪಿ. ರೋಗಿಯ ರಕ್ತವನ್ನು ತಮ್ಮ ದೇಹಕ್ಕೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಿರುತಟ್ಟೆಗಳು ತಳಕಂಡವು. ಸುಮಾರು ಒಂದು ವಾರದಲ್ಲಿ ಅವರು ಚೇತರಿಸಿಕೊಂಡರು. ರೋಗದ ಕಾರಣ ರಕ್ತದ್ರವದಲ್ಲಿಯೇ ಇದೆಯೆಂಬುದು ಹೀಗೆ ಸಿದ್ಧವಾಯಿತು.

ವಂಶವಾಹಿಯ ಪಾಲು

ವಂಶವಾಹಿಯಲ್ಲಿ ಆಗುವ ಶಾಶ್ವತ ಬದಲಾವಣೆಗೆ ಉತ್ಪರಿವರ್ತನೆ ಎನ್ನುತ್ತಾರೆ. ಇದು ರೈತರಿಗೆ ಹೊಸದಲ್ಲ. ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಶೇಂಗಾ ಬೀಜಕ್ಕೆ ಕ್ಷಕಿರಣ ಹಾಯಿಸಿ, ಅದರಲ್ಲಾದ ಬದಲಾವಣೆಗಳನ್ನು ಆರಿಸಿ ದಪ್ಪ ಕಾಳಿನ ಟಿ.ಜಿ.-1 ತಳಿಯನ್ನು 1973ರಲ್ಲಿ ಬಿಡುಗಡೆ ಮಾಡಿದರು. ಆದ್ದರಿಂದ ಉತ್ಪರಿವರ್ತನೆ ಎಂದ ಮಾತ್ರಕ್ಕೆ ಕೇಡು ಎಂದಲ್ಲ.

ಮನುಷ್ಯರಲ್ಲಿಯೂ ಹಾಗೆಯೇ. 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ "ಬಾಂಬೆ ರಕ್ತಗುಂಪು" ಒಂದು ವಂಶವಾಹಿಯ ಬದಲಾವಣೆಯಿಂದ ಬಂದದ್ದು. ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವು ಮನೆತನಗಳಲ್ಲಿ ಅದು ಕಾಣಸಿಗುತ್ತದೆ. ಅಂಥವರು ಪೂರ್ಣ ಆರೋಗ್ಯವಂತರು. ರಕ್ತ ಹಾಕಿಸಿಕೊಳ್ಳುವ ಪ್ರಸಂಗ ಬಂದಾಗ ಮಾತ್ರ ಅದೇ ಗುಂಪಿನ ರಕ್ತ ಹುಡುಕಬೇಕಾಗುತ್ತದೆ.

ಉತ್ಪರಿವರ್ತನೆಯಲ್ಲಿ ಎರಡು ಬಗೆ. ಬೀಜದಲ್ಲಿ ಬಂದದ್ದು ಗಿಡದ ಪ್ರತಿ ಎಲೆಯಲ್ಲೂ ಇರುತ್ತದೆ, ಮುಂದಿನ ಪೀಳಿಗೆಗೂ ಹೋಗಬಹುದು. ಕೆಲವೊಮ್ಮೆ ಬೆಳೆದ ಗಿಡದ ಒಂದೇ ಟೊಂಗೆಯಲ್ಲಿ ಬದಲಾವಣೆಯಾಗಿ ಆ ಟೊಂಗೆಯ ಹಣ್ಣು ಮಾತ್ರ ಬೇರೆಯಾಗುತ್ತದೆ. ಎರಡೂ ಬಗೆ ರಕ್ತದಲ್ಲಿವೆ.

ಬೀಜದ ಬಗೆಗೆ ಉದಾಹರಣೆ ಫಾಸ್ ಎಂಬ ವಂಶವಾಹಿ. ಕೆಲಸ ಮುಗಿದ ಬಿಳಿ ಕಣಗಳು ತಾವಾಗಿ ಸಾಯುವಂತೆ ಮಾಡುವುದು ಇದರ ಕೆಲಸ. ಇದು ಕೆಟ್ಟರೆ ಸಾಯಬೇಕಾದ ಕಣಗಳು ಉಳಿದು, ಗಂಟಲು ಕಂಕುಳಲ್ಲಿ ಗಡ್ಡೆಗಳು ಬೆಳೆದು, ಚಿಕ್ಕಂದಿನಲ್ಲಿಯೇ ರಕ್ತಕಣಗಳ ನಾಶ ಆರಂಭವಾಗುತ್ತದೆ. ಇದು 1995ರಲ್ಲಿ ಪತ್ತೆಯಾಯಿತು. 2014ರಲ್ಲಿ ಸಿ.ಟಿ.ಎಲ್.ಎ.-4 ಎಂಬ ಇನ್ನೊಂದು ವಂಶವಾಹಿಯ ದೋಷವೂ ತಿಳಿದುಬಂತು. ಇದು ಬಂಡಿಯ ಬಿರಿಯಿದ್ದಂತೆ. ಕೆಟ್ಟರೆ ರೋಗನಿರೋಧಕ ಶಕ್ತಿಗೆ ತಡೆಯಿರುವುದಿಲ್ಲ. ಆದರೆ ಹೀಗೆ ಒಂದೇ ವಂಶವಾಹಿಯಿಂದ ರೋಗ ಬರುವ ಮನೆತನಗಳು ತೀರ ವಿರಳ.

ಟೊಂಗೆಯ ಬಗೆಗೆ ಉದಾಹರಣೆ ಪಿಗ್-ಎ ಎಂಬ ವಂಶವಾಹಿ. ಇದರ ದೋಷ ತಂದೆತಾಯಿಯಿಂದ ಬರುವುದಿಲ್ಲ. ಹುಟ್ಟಿದ ಮೇಲೆ ಮಜ್ಜೆಯ ಒಂದು ಕೋಶದಲ್ಲಿ ಆಗುತ್ತದೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಉಳಿದ ಕೋಶಗಳು ಸಾಯುತ್ತಿರುವಾಗ ಈ ಕೋಶದ ಸಂತಾನ ದಾಳಿಯಿಂದ ತಪ್ಪಿಸಿಕೊಂಡು ಹೆಚ್ಚುತ್ತದೆ. ಆದರೆ ಅದರಿಂದ ಹುಟ್ಟಿದ ಕೆಂಪು ಕಣಗಳಿಗೆ ರಕ್ಷಣೆಯ ಹೊದಿಕೆಯಿಲ್ಲದೆ ಅವು ಬೇಗ ಒಡೆಯುತ್ತವೆ. ಇಂಥ ದೋಷ ಮಕ್ಕಳಿಗೆ ಹೋಗುವುದಿಲ್ಲ.

ಬಹುಪಾಲು ರೋಗಿಗಳಲ್ಲಿ ಇರುವುದು ಇವೆರಡೂ ಅಲ್ಲ, ಕೇವಲ ಒಲವು. ಬಿಳಿ ಕಣಗಳಿಗೆ ತನ್ನದು ಯಾವುದು, ಪರಕೀಯ ಯಾವುದು ಎಂದು ತೋರಿಸಿಕೊಡುವ ಎಚ್.ಎಲ್.ಎ. ಗುರುತುಗಳು ಎಲ್ಲರಲ್ಲೂ ಒಂದೇ ಅಲ್ಲ. ಡಿ.ಆರ್.-15 ಎಂಬ ಗುರುತು ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಆದರೂ ಆ ಗುರುತುಳ್ಳ ಬಹುಮಂದಿಗೆ ಜೀವಮಾನವಿಡೀ ರೋಗ ಬರುವುದಿಲ್ಲ.

ಪರಿಸರದ ಪಾಲು

ಗೋದಿಗೆ ತುಕ್ಕುರೋಗ ಬರಬೇಕಾದರೆ ಮೂರು ಕೂಡಬೇಕು: ರೋಗಕ್ಕೆ ಒಳಗಾಗುವ ತಳಿ, ರೋಗದ ಬೀಜಾಣು, ಅನುಕೂಲ ಹವೆ. ಸ್ವಯಂನಿರೋಧಕ ರೋಗವೂ ಹೀಗೆಯೇ. ಒಲವು ತಳಿಯಿದ್ದಂತೆ; ಅದನ್ನು ಕೆರಳಿಸಲು ಹೊರಗಿನದೊಂದು ಬೇಕು. ಕೆರಳಿಸುವುವೆಂದು ತಿಳಿದಿರುವವು ಇವು.

ಸೋಂಕುಗಳು: ಮಕ್ಕಳಲ್ಲಿ ಐ.ಟಿ.ಪಿ. ಅನೇಕ ಸಲ ನೆಗಡಿ ಜ್ವರದ ಬೆನ್ನಿಗೇ ಬರುತ್ತದೆ. ಹೆಚ್ಚಿನ ಮಕ್ಕಳು ಆರು ತಿಂಗಳಿಂದ ಒಂದು ವರ್ಷದೊಳಗೆ ತಾವಾಗಿ ಗುಣವಾಗುತ್ತಾರೆ. ಹೆಪಟೈಟಿಸ್ ಸಿ, ಎಚ್.ಐ.ವಿ. ಸೋಂಕುಗಳೂ, ಜಠರದ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯೂ ಕಾರಣವಾಗಬಹುದು. ಡೆಂಗ್ಯೂ ಜ್ವರದಲ್ಲಿಯೂ ಕಿರುತಟ್ಟೆ ಇಳಿಯುತ್ತದೆ, ಆದರೆ ಜ್ವರ ಕಳೆದು ಕೆಲವು ದಿನಗಳಲ್ಲಿ ತಾನಾಗಿ ಏರುತ್ತದೆ.

ಔಷಧಿಗಳು: ಕ್ವಿನೈನ್ ಮತ್ತು ಸಲ್ಫಾ ಔಷಧಿಗಳು ಕೆಲವರಲ್ಲಿ ಕಿರುತಟ್ಟೆಗಳನ್ನು, ಪೆನಿಸಿಲಿನ್ ಮತ್ತು ಮೀಥೈಲ್‌ಡೋಪಾ ಕೆಂಪು ಕಣಗಳನ್ನು ನಾಶಮಾಡಿಸಬಲ್ಲವು. ಕ್ಲೋರಾಂಫೆನಿಕಾಲ್ ಅಪರೂಪವಾಗಿ ಮಜ್ಜೆಯನ್ನೇ ಬರಿದುಮಾಡುತ್ತದೆ.

ಬೆಂಜೀನ್: ಪೆಟ್ರೋಲ್ ಮತ್ತು ಕೆಲವು ದ್ರಾವಕಗಳಲ್ಲಿರುವ ಈ ವಸ್ತು ಮಜ್ಜೆಗೆ ವಿಷ. ಪಂಪು, ಇಂಜಿನ್ ತೊಳೆಯಲು ಮತ್ತು ಗ್ರೀಸ್ ಹತ್ತಿದ ಕೈ ಉಜ್ಜಲು ಪೆಟ್ರೋಲ್ ಬಳಸುವ ರೂಢಿಯನ್ನು ಬಿಡಬೇಕು.

ಪೀಡೆನಾಶಕಗಳ ಮಾತು

ಧಾರವಾಡದಿಂದ 1972ರಲ್ಲಿ ವರಲಕ್ಷ್ಮೀ, 1981ರಲ್ಲಿ ಡಿ.ಸಿ.ಎಚ್.-32 ಹತ್ತಿ ತಳಿಗಳು ಬಂದ ಮೇಲೆ ಈ ಭಾಗದಲ್ಲಿ ಹತ್ತಿಯ ಇಳುವರಿ ಹೆಚ್ಚಿತು, ಜೊತೆಗೆ ಸಿಂಪರಣೆಯೂ ಹೆಚ್ಚಿತು. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ದೊರೆತ ಬಳಿಕ ಕಾಯಿಕೊರಕಕ್ಕೆ ಹೊಡೆಯುವುದು ಇಳಿಯಿತಾದರೂ ರಸ ಹೀರುವ ಕೀಟಗಳಿಗೆ ಹೊಡೆಯುವುದು ತಪ್ಪಿಲ್ಲ. ಆದ್ದರಿಂದ ರೈತರ ಸಂಶಯ ಸಹಜವಾದದ್ದು.

ಈ ಬಗ್ಗೆ ದೊಡ್ಡ ಅಧ್ಯಯನ ನಡೆದದ್ದು ಭತ್ತದ ನಾಡಾದ ಥಾಯ್ಲೆಂಡಿನಲ್ಲಿ. ಐದು ನೂರಕ್ಕೂ ಹೆಚ್ಚು ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳನ್ನು ಎರಡು ಸಾವಿರಕ್ಕೂ ಹೆಚ್ಚು ಇತರರೊಡನೆ ಹೋಲಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೆಂಜೀನ್ ಸಂಪರ್ಕವಿದ್ದವರಲ್ಲಿ, ಆರ್ಗನೋಫಾಸ್ಫೇಟ್, ಕಾರ್ಬಮೇಟ್, ಡಿ.ಡಿ.ಟಿ. ಬಳಸಿದ ರೈತರಲ್ಲಿ ರೋಗದ ಸಂಭವ ಹೆಚ್ಚಾಗಿತ್ತು. ಬಾತುಕೋಳಿಗಳ ಸಹವಾಸವಿದ್ದವರಲ್ಲಿ ಮತ್ತು ಶುದ್ಧೀಕರಿಸದ ನೀರು ಕುಡಿಯುವವರಲ್ಲಿಯೂ ಹೆಚ್ಚಾಗಿತ್ತು. ಆದ್ದರಿಂದ ಯಾವುದೋ ಸೋಂಕಿನ ಕೈವಾಡವೂ ಇರಬಹುದೆಂದು ತಜ್ಞರು ತರ್ಕಿಸಿದರು. ಆದರೆ ಬಹುಪಾಲು ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಕ್ಕಲಿಲ್ಲ. ಪೀಡೆನಾಶಕ ಬಳಸುವ ಲಕ್ಷಾಂತರ ರೈತರಲ್ಲಿ ರೋಗ ಬರುವುದು ಎಲ್ಲೋ ಒಬ್ಬಿಬ್ಬರಿಗೆ.

ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣವನ್ನು ಅನೇಕರು ಬಲ್ಲರು. ಅಲ್ಲಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಅಲ್ಲಿ ಮುಖ್ಯವಾಗಿ ಎದ್ದುನಿಂತದ್ದು ಮಕ್ಕಳ ಬೆಳವಣಿಗೆ ಮತ್ತು ನರಮಂಡಲದ ತೊಂದರೆಗಳು. ಅದನ್ನು ಸ್ವಯಂನಿರೋಧಕ ರಕ್ತರೋಗಕ್ಕೆ ಸಾಕ್ಷಿಯೆಂದು ಹೇಳಲಾಗದು. ಆದರೂ ವಿಷದ ಬಳಕೆಯಲ್ಲಿ ಅಜಾಗರೂಕತೆಯ ಬೆಲೆ ಎಷ್ಟೆಂಬುದಕ್ಕೆ ಅದೊಂದು ಪಾಠ.

ಇನ್ನೊಂದು ಮಾತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ತಕ್ಷಣದ ವಿಷದ ತೀವ್ರತೆಯನ್ನು ಮಾತ್ರ ತೋರಿಸುತ್ತವೆ. ಹಸಿರು ತ್ರಿಕೋನವೆಂದು ಬರಿಗೈಯಿಂದ ಕಲಸುವುದು ಸಲ್ಲದು.

ಲಗ್ನದ ಪ್ರಶ್ನೆ

ಐ.ಟಿ.ಪಿ. ಮತ್ತು ಸ್ವಯಂನಿರೋಧಕ ರಕ್ತಹೀನತೆ ಸಾಮಾನ್ಯವಾಗಿ ಮನೆತನದಲ್ಲಿ ಹರಿದುಬರುವ ರೋಗಗಳಲ್ಲ, ಅಂಟುರೋಗಗಳೂ ಅಲ್ಲ. ಅಣ್ಣನಿಗೆ ಬಂದಿದೆಯೆಂದು ತಂಗಿಯ ಲಗ್ನ ನಿಲ್ಲಿಸಲು ಕಾರಣವಿಲ್ಲ. ಥಲಸ್ಸೀಮಿಯಾ, ಕುಡಗೋಲು ಕಣದ ರೋಗಗಳು ಬೇರೆ. ಅವು ವಂಶದಲ್ಲಿ ಹರಿಯುತ್ತವೆ, ಸೋದರ ಸಂಬಂಧದ ಲಗ್ನಗಳಲ್ಲಿ ಅವುಗಳ ಸಂಭವ ಹೆಚ್ಚು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಚಿಕ್ಕ ವಯಸ್ಸಿನಲ್ಲಿಯೇ ರಕ್ತದ ತೊಂದರೆಯಿದ್ದರೆ ಮಾತ್ರ ವಂಶವಾಹಿ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಕೆಂಪು ಚುಕ್ಕೆ, ಕಾರಣವಿಲ್ಲದ ನೀಲಿ ಕಲೆ, ನಿಲ್ಲದ ಮೂಗಿನ ರಕ್ತ, ಅತಿ ಮುಟ್ಟು, ಕಪ್ಪು ಮೂತ್ರ, ದಿನದಿನಕ್ಕೆ ಹೆಚ್ಚುವ ಬಿಳಿಚಿಕೆ ಕಂಡರೆ ಕೂಡಲೇ ರಕ್ತಕಣಗಳ ಪೂರ್ಣ ಎಣಿಕೆ ಮಾಡಿಸಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಆಗುತ್ತದೆ. ಮುಂದಿನ ಪರೀಕ್ಷೆಗೆ ಬೆಳಗಾವಿ ಇಲ್ಲವೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿರಿ.

2. ರಕ್ತ ಸೋರುತ್ತಿರುವವರಿಗೆ ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಕೊಡಬೇಡಿರಿ, ಸ್ನಾಯುವಿಗೆ ಸೂಜಿ ಹಾಕಿಸಬೇಡಿರಿ. ತಲೆನೋವಿನೊಡನೆ ವಾಂತಿ, ಪ್ರಜ್ಞೆ ಮಂದವಾಗುವುದು ಕಂಡರೆ ಒಂದು ಗಳಿಗೆಯೂ ತಡಮಾಡಬೇಡಿರಿ.

3. ಪಪ್ಪಾಯಿ ಎಲೆಯ ರಸವನ್ನು ನೆಚ್ಚಿ ಪರೀಕ್ಷೆಯನ್ನು ಮುಂದೂಡಬೇಡಿರಿ.

4. ವೈದ್ಯರು ಸ್ಟಿರಾಯ್ಡ್ ಗುಳಿಗೆ ಕೊಟ್ಟಿದ್ದರೆ ಚುಕ್ಕೆ ಮಾಯವಾಯಿತೆಂದು ಒಮ್ಮೆಲೆ ನಿಲ್ಲಿಸಬೇಡಿರಿ. ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

5. ಇತ್ತೀಚಿನ ತಿಂಗಳುಗಳಲ್ಲಿ ತೆಗೆದುಕೊಂಡ ಗುಳಿಗೆ, ಹೊಡೆದ ಔಷಧಿಗಳ ಹೆಸರನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿರಿ. ಖಾಲಿ ಡಬ್ಬಿಯ ಚೀಟಿ ಇಟ್ಟುಕೊಂಡಿರಿ.

6. ಸಿಂಪರಣೆಯಲ್ಲಿ ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಮುಸುಕು ಧರಿಸಿರಿ. ಗಾಳಿಗೆ ಎದುರಾಗಿ ಹೊಡೆಯಬೇಡಿರಿ. ಕಟ್ಟಿಕೊಂಡ ನಳಿಕೆಯನ್ನು ಬಾಯಿಯಿಂದ ಊದಬೇಡಿರಿ. ಕೆಲಸ ಮುಗಿದೊಡನೆ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಕಾಳು ತುಂಬಿಡಬೇಡಿರಿ.

7. ಕೀಟದ ಸಂಖ್ಯೆ ಹಾನಿಯ ಮಟ್ಟ ಮುಟ್ಟಿದಾಗ ಮಾತ್ರ ಸಿಂಪಡಿಸಿರಿ. ಹೊಡೆಯದೆ ಉಳಿಸಿದ ಒಂದು ಸಿಂಪರಣೆ ಹಣಕ್ಕೂ ಲಾಭ, ಮೈಗೂ ಲಾಭ.

ಐ.ಟಿ.ಪಿ. ಬಂದವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆದು ತಮ್ಮ ದುಡಿಮೆಗೆ ಮರಳುತ್ತಾರೆ. ಒಂದು ಕಾಲದಲ್ಲಿ ಗುಣವಾಗದೆಂದು ಕೈಬಿಡುತ್ತಿದ್ದ ಅಪ್ಲಾಸ್ಟಿಕ್ ಅನೀಮಿಯಾಕ್ಕೂ ಇಂದು ಔಷಧಿಗಳಿವೆ, ಮಜ್ಜೆ ಕಸಿಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1986ರಿಂದಲೂ ಮಜ್ಜೆ ಕಸಿ ನಡೆಯುತ್ತಿದೆ. ಆ ಒಕ್ಕಲು ಮನೆಯ ಮಗನಿಗೆ ಯಾವುದು ಕೆರಳಿಸಿತೆಂದು ಖಚಿತವಾಗಿ ಹೇಳುವುದು ವೈದ್ಯರಿಗೂ ಅನೇಕ ಸಲ ಆಗದು. ಆದರೆ ಚುಕ್ಕೆ ಕಂಡ ದಿನವೇ ರಕ್ತ ಪರೀಕ್ಷೆ ಮಾಡಿಸುವುದು, ಊರಿನ ಮಾತಿಗೆ ಕಿವಿಗೊಟ್ಟು ತಂಗಿಯ ಲಗ್ನ ನಿಲ್ಲಿಸದಿರುವುದು, ಮುಂದಿನ ಸಿಂಪರಣೆಗೆ ಮುನ್ನ ಕೈಗವಸು ಕೊಳ್ಳುವುದು, ಈ ಮೂರೂ ಮನೆಯವರ ಕೈಯಲ್ಲಿಯೇ ಇವೆ.