ಭಾರದ ಮೈಯವರ ಸೈಕಲ್‌ಗೆ ಎಂಥ ಚಕ್ರ?

"ಡಾಕ್ಟ್ರೇ, ನೀವು ಹೇಳಿದಿರಿ ಅಂತ ಸೈಕಲ್ ತಗೊಂಡೆ. ಆರು ವಾರದಲ್ಲಿ ಮೂರು ಸಲ ಹಿಂದಿನ ಚಕ್ರದ ಕಡ್ಡಿ ಮುರೀತು. ನನ್ನ ಮೈಗೆ ಇದೆಲ್ಲ ಆಗೋದಲ್ಲ ಬಿಡಿ."

ಹೀಗೆಂದವರು ಇಂದಿರಾನಗರದ 48 ವರ್ಷದ ಗೃಹಸ್ಥರು. ತೂಕ 112 ಕೆ.ಜಿ. ಸಕ್ಕರೆ ಕಾಯಿಲೆ ಆಗಷ್ಟೇ ಕಾಣಿಸಿಕೊಂಡಿತ್ತು. ಮಂಡಿನೋವಿನಿಂದಾಗಿ ಬಿರುಸಾಗಿ ನಡೆಯಲಾರರು. ಆದ್ದರಿಂದಲೇ ಸೈಕಲ್ ತುಳಿಯಲು ಹೇಳಿದ್ದೆ. ದಿನವೂ ಬೆಳಿಗ್ಗೆ ಹಲಸೂರು ಕೆರೆಯವರೆಗೆ ಹೋಗಿ ಬರುತ್ತಿದ್ದರು. ಮೂರನೇ ಸಲ ಕಡ್ಡಿ ಮುರಿದಾಗ ಸೈಕಲನ್ನು ತಳ್ಳಿಕೊಂಡೇ ಮನೆ ಸೇರಿದರು. ದಾರಿಯಲ್ಲಿ ಯಾರೋ ಹುಡುಗರು ನಕ್ಕರಂತೆ. ಅಲ್ಲಿಗೆ ವ್ಯಾಯಾಮ ನಿಂತಿತು. ಮೂರು ತಿಂಗಳ ನಂತರ ನನ್ನ ಬಳಿ ಬಂದಾಗ ತೂಕವೂ ಸಕ್ಕರೆಯೂ ಏರಿದ್ದವು.

ಇಲ್ಲಿ ತಪ್ಪು ಅವರದಲ್ಲ, ನನ್ನದು. ಮಾತ್ರೆ ಬರೆಯುವಾಗ ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ನಂತರವೋ ಎಂದು ಬಿಡಿಸಿ ಹೇಳುವ ನಾನು, 'ಸೈಕಲ್ ತುಳಿಯಿರಿ' ಎಂದೆನೇ ಹೊರತು ಎಂಥ ಸೈಕಲ್ ಎಂದು ಹೇಳಲಿಲ್ಲ. ಅಂದಿನಿಂದ ಸೈಕಲ್ ರಿಪೇರಿ ಬಲ್ಲವರಿಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸೈಕಲ್ ಏಕೆ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಡೆಯುವಾಗ ಇಡೀ ಮೈಭಾರವನ್ನು ಮಂಡಿಗಳೇ ಹೊರಬೇಕು. ಸೈಕಲ್ ಮೇಲೆ ಕುಳಿತಾಗ ಅದರ ಬಹುಪಾಲು ಸೀಟಿನ ಮೇಲೆ ಬೀಳುತ್ತದೆ. ಮಂಡಿ ಸವೆದ, ತೂಕ ಹೆಚ್ಚಿದವರಿಗೆ ಇದೊಂದು ವರವೇ ಸರಿ. ಆದರೆ ಮಂಡಿ ಇಳಿಸಿದ ಭಾರ ಎಲ್ಲಿಗೂ ಹೋಗುವುದಿಲ್ಲ, ಚಕ್ರದ ಮೇಲೆ ಬೀಳುತ್ತದೆ. ಅದರಲ್ಲೂ ಸುಮಾರು ಐದರಲ್ಲಿ ಮೂರು ಪಾಲು ಹಿಂದಿನ ಚಕ್ರದ್ದೇ.

ಕಡ್ಡಿ ಮುರಿಯುವುದೇಕೆ?

ಕೆ.ಆರ್.ಪುರದಲ್ಲಿ 2003ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆಯನ್ನು ನೀವು ನೋಡಿರುತ್ತೀರಿ. ಅಲ್ಲಿ ಸೇತುವೆಯನ್ನು ಹಿಡಿದಿರುವುದು ಬಿಗಿಯಾಗಿ ಎಳೆದು ಕಟ್ಟಿದ ಹುರಿಗಳು. ಸೈಕಲ್ ಚಕ್ರದ ಕಡ್ಡಿಗಳ ಬಲವೂ ಬಿಗಿಯಲ್ಲೇ ಇದೆ. ಬಿಗಿ ಇಲ್ಲದ ಕಡ್ಡಿ ಬರೀ ತಂತಿ.

ಚಕ್ರ ಒಂದು ಸುತ್ತು ಉರುಳುವಾಗ ಪ್ರತಿ ಕಡ್ಡಿಯೂ ಕೆಳಗೆ ಬಂದಾಗ ಸ್ವಲ್ಪ ಸಡಿಲವಾಗಿ, ಮೇಲೇರಿದಾಗ ಮತ್ತೆ ಬಿಗಿಯಾಗುತ್ತದೆ. 26 ಅಂಗುಲದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 480 ಸುತ್ತು ಹಾಕುತ್ತದೆ. ದಿನಕ್ಕೆ 6 ಕಿ.ಮೀ. ತುಳಿದರೆ ತಿಂಗಳಿಗೆ ಎಪ್ಪತ್ತು ಸಾವಿರ ಸುತ್ತು ಮೀರುತ್ತದೆ. ತಂತಿಯನ್ನು ಕೈಯಲ್ಲಿ ಅತ್ತ ಇತ್ತ ಬಾಗಿಸುತ್ತಾ ಹೋದರೆ ಕೊನೆಗೆ ತುಂಡಾಗುವುದಿಲ್ಲವೇ? ಹಾಗೆಯೇ ಕಡ್ಡಿಯೂ ದಣಿದು, ಹೆಚ್ಚಾಗಿ ಹಬ್‌ನ ಬಳಿ ಬಾಗಿರುವ ಜಾಗದಲ್ಲಿ ಮುರಿಯುತ್ತದೆ. ಭಾರ ಹೆಚ್ಚಾದಷ್ಟೂ, ಕಡ್ಡಿ ಸಡಿಲವಾದಷ್ಟೂ ಈ ದಣಿವು ಬೇಗ. ನನ್ನ ರೋಗಿಯ ಸೈಕಲ್‌ನಲ್ಲಿ ಹಿಂದೆ 32 ಕಡ್ಡಿಗಳಿದ್ದವು. ಕೊಂಡ ದಿನದಿಂದ ಅವುಗಳ ಬಿಗಿಯನ್ನು ಯಾರೂ ನೋಡಿರಲಿಲ್ಲ.

ಹಾಲಿನವರ ಸೈಕಲ್ ಹೇಳುವ ಪಾಠ

ಹಿಂದೆ ಹಾಲಿನ ಕ್ಯಾನುಗಳನ್ನೂ ಗ್ಯಾಸ್ ಸಿಲಿಂಡರನ್ನೂ ಹೊರುತ್ತಿದ್ದ ಕಪ್ಪು ಸೈಕಲ್ ನೆನಪಿದೆಯೇ? ಅದಕ್ಕೆ ಮುಂದೆ 32, ಹಿಂದೆ 40 ಕಡ್ಡಿಗಳು. ಭಾರ ಹಿಂದೆ ಬೀಳುವುದೆಂದು ತಿಳಿದೇ ಹಾಗೆ ಮಾಡಿದ್ದರು. ಇಂದಿನ ಗೇರ್ ಸೈಕಲ್‌ಗಳಲ್ಲಿ ಹಿಂದೆಯೂ ಮುಂದೆಯೂ ಕಡ್ಡಿಗಳು ಹೆಚ್ಚಾಗಿ ಒಂದೇ ಸಂಖ್ಯೆಯಲ್ಲಿರುತ್ತವೆ. ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಚಕ್ರದಲ್ಲಿ ಬಲಗಡೆಯ ಕಡ್ಡಿಗಳು ಹೆಚ್ಚು ಬಿಗಿ, ಎಡಗಡೆಯವು ಕಡಿಮೆ ಬಿಗಿ. ನೋಡಲು ಚೆಂದವೆಂದು ಕಡ್ಡಿ ಕಡಿಮೆ ಮಾಡಿದ ಚಕ್ರಗಳೂ ಬಂದಿವೆ. ತೂಕದವರು ಅವುಗಳ ಅಂದಕ್ಕೆ ಮರುಳಾಗಬಾರದು.

ಕೊಳ್ಳುವಾಗ ಗಮನಿಸಿ

ನಿಮ್ಮ ತೂಕ 90 ಕೆ.ಜಿ. ದಾಟಿದ್ದರೆ ಬಣ್ಣ ನೋಡುವ ಮೊದಲು ಹಿಂದಿನ ಚಕ್ರ ನೋಡಿ.

1. ಹಿಂದಿನ ಚಕ್ರದಲ್ಲಿ ಕನಿಷ್ಠ 36 ಕಡ್ಡಿಗಳಿರಲಿ. ಅಂಗಡಿಯಲ್ಲೇ ಎಣಿಸಿ, ಸಂಕೋಚ ಬೇಡ.

2. ಕಡ್ಡಿಗಳು 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮಳೆಗಾಲದಲ್ಲಿ ತುಕ್ಕಿನ ಭಯ ಕಡಿಮೆ.

3. ರಿಮ್ ಎರಡು ಪದರದ್ದಾಗಿರಲಿ. ಅಲ್ಯೂಮಿನಿಯಂ ರಿಮ್ಮನ್ನೇ ಹಿಡಿಯುವ ಬ್ರೇಕ್ ಒದ್ದೆಯಾದಾಗಲೂ ಉಕ್ಕಿನ ರಿಮ್ಮಿಗಿಂತ ಚೆನ್ನಾಗಿ ಹಿಡಿಯುತ್ತದೆ.

4. ಒಂದೇ ಬಗೆಯ ಚಕ್ರಗಳಲ್ಲಿ ದೊಡ್ಡದಕ್ಕಿಂತ 26 ಅಂಗುಲದ್ದು ಗಟ್ಟಿ.

5. ಟೈರ್ 1.75ರಿಂದ 2 ಅಂಗುಲ ಅಗಲವಿರಲಿ. ಹಳ್ಳದ ಪೆಟ್ಟನ್ನು ಮೊದಲು ತಡೆಯುವುದು ಟೈರಿನೊಳಗಿನ ಗಾಳಿ.

6. ತಯಾರಕರು ಹೇಳಿರುವ ಭಾರದ ಮಿತಿಯನ್ನು ಕೇಳಿ ತಿಳಿಯಿರಿ. ಬೆನ್ನಿಗೆ ಹಾಕುವ ಚೀಲದ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

ಕೊಂಡ ಮೇಲೆ

ಕಡ್ಡಿಗಳ ಸಂಖ್ಯೆಯಷ್ಟೇ ಬಿಗಿಯೂ ಮುಖ್ಯ. ಹೊಸ ಸೈಕಲನ್ನು ಅನುಭವಸ್ಥ ಮೆಕ್ಯಾನಿಕ್‌ಗೆ ತೋರಿಸಿ ಕಡ್ಡಿ ಬಿಗಿ ಮಾಡಿಸಿ. ಒಂದು ತಿಂಗಳ ನಂತರ ಮತ್ತೊಮ್ಮೆ ತೋರಿಸಿ. ಮನೆಯಲ್ಲಿ ನೀವೇ ಪರೀಕ್ಷಿಸಬಹುದು. ತಂಬೂರಿಯ ತಂತಿಯಂತೆ ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಯಾವುದಾದರೂ ಮಂಕಾಗಿ ನುಡಿದರೆ ಅದು ಸಡಿಲ. ಚಕ್ರ ತಿರುಗಿಸಿದಾಗ ಓಲಾಡಿದರೆ ಬೆಂಡ್ ತೆಗೆಸಬೇಕು.

ವಾರಕ್ಕೊಮ್ಮೆ ಗಾಳಿ ನೋಡಿ. ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಉಬ್ಬು, ಹಳ್ಳ ಬಂದಾಗ ನಿಧಾನಿಸಿ, ಸೀಟಿನಿಂದ ಸ್ವಲ್ಪ ಮೇಲೇಳಿ. ಇದರಿಂದ ಚಕ್ರಕ್ಕೂ ಬೆನ್ನುಮೂಳೆಗೂ ಹಿತ.

ಒಂದು ಕಡ್ಡಿ ಮುರಿದರೆ ಅದನ್ನಷ್ಟೇ ಬದಲಿಸಿದರೆ ಸಾಕು. ಮೇಲಿಂದ ಮೇಲೆ ಮುರಿಯುತ್ತಿದ್ದರೆ ಉಳಿದವೂ ಅಷ್ಟೇ ದಣಿದಿವೆ ಎಂದರ್ಥ. ಆಗ ಎಲ್ಲ ಕಡ್ಡಿಗಳನ್ನೂ ಹೊಸದಾಗಿ ಹಾಕಿಸುವುದೇ ಲೇಸು.

ವೈದ್ಯನಾಗಿ ಕೆಲವು ಎಚ್ಚರಿಕೆಗಳು

ಚಕ್ರದಂತೆ ಹೃದಯವನ್ನೂ ಮೊದಲು ಪರೀಕ್ಷಿಸಿಕೊಳ್ಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕಂಡೇ ಆರಂಭಿಸಿ. ಮೊದಲ ವಾರ ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ 10 ನಿಮಿಷ ಸಾಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ಎದೆ ಬಿಗಿತ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿ. ಹೆಲ್ಮೆಟ್ ಮರೆಯಬೇಡಿ.

ಮೇಲೆ ಹೇಳಿದ ಗೃಹಸ್ಥರನ್ನು ಒಪ್ಪಿಸಲು ನನಗೆ ಎರಡು ಭೇಟಿ ಬೇಕಾಯಿತು. ಶಿವಾಜಿನಗರದ ಹಿರಿಯ ಮೆಕ್ಯಾನಿಕ್ ಒಬ್ಬರು ಅವರ ಸೈಕಲ್‌ಗೆ ಹೊಸ ಹಬ್, ಹೊಸ ರಿಮ್, 36 ಕಡ್ಡಿಗಳ ಹಿಂದಿನ ಚಕ್ರ ಕಟ್ಟಿಕೊಟ್ಟರು. ಒಂದು ಮಳೆಗಾಲ ಕಳೆದಿದೆ. ಕಡ್ಡಿ ಮುರಿದಿಲ್ಲ. ತೂಕ 106ಕ್ಕೆ ಇಳಿದಿದೆ, ಸಕ್ಕರೆಯೂ ಹತೋಟಿಗೆ ಬಂದಿದೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಸೈಕಲ್ ಕೆಟ್ಟಾಗ ಅವರ ಮೈಯನ್ನು ಹಾಸ್ಯ ಮಾಡಬೇಡಿ. ಮೈ ಇಳಿಯಲು ತಿಂಗಳುಗಳು ಬೇಕು, ಚಕ್ರ ಸರಿಯಾಗಲು ಒಂದು ದಿನ ಸಾಕು.